ಗ್ರೂಪಿಗೆ ಹಾಕಿದೀನಿ

ಮಾರ್ಚ್ 11, ಮಂಗಳವಾರ

ಕುಡುಮಲಕುಂಟೆ. ಗೋದಾಮಿನ ಡಿಸ್ಪ್ಯಾಚ್ ಆಫೀಸು. ಫ್ಯಾನ್ ಇನ್ನೂ ರಿಪೇರಿ ಆಗಿಲ್ಲ. ಚಿಂತಾಮಣಿಯ ಟೊಮೇಟೊ, ಮೇಲೂರಿನ ದ್ರಾಕ್ಷಿ, ನಾಳೆ ಎರಡಕ್ಕೂ ಒಂದೇ ಗಾಡಿ. ಡ್ರೈವರ್ ಹಿದಾಯತುಲ್ಲಾ. ಮೊದಲು ಚಿಂತಾಮಣಿ ಎಂದು ನಾನೇ ಫೋನ್ ಮಾಡಿ ಹೇಳಿದೆ.

ಇದು ನನ್ನ ಕೆಲಸವಲ್ಲ. ಜನವರಿಯಲ್ಲಿ ಮ್ಯಾನೇಜರ್ ರವಿಚಂದ್ರ ಡ್ರೈವರುಗಳನ್ನೆಲ್ಲ ವಾಟ್ಸಾಪ್ ಗ್ರೂಪಿನಿಂದ ತೆಗೆದುಹಾಕಿದರು. ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸುತ್ತಾರಂತೆ, ವಾಯ್ಸ್ ಮೆಸೇಜಿನಲ್ಲಿ ಜಗಳ ಆಡುತ್ತಾರಂತೆ. ಅಂದಿನಿಂದ ಅವರಿಗೆ ವಿಷಯ ಮುಟ್ಟಿಸುವುದು ಯಾರ ಕೆಲಸ ಎಂದು ಯಾರೂ ಹೇಳಿಲ್ಲ. ಕೇಳಿದರೆ ಎಲ್ಲರದೂ ಒಂದೇ ಮಾತು — ಗ್ರೂಪಿಗೆ ಹಾಕಿದೀನಿ. ಹಾಕಿದರೆ ಮುಗಿಯಿತು. ಉಳಿದವರು ಓದದೆ ಹೆಬ್ಬೆರಳಿನ ಇಮೋಜಿ ಒತ್ತುತ್ತಾರೆ. ಕಳೆದ ವಾರ ಒಬ್ಬರ ಅಜ್ಜಿ ತೀರಿಕೊಂಡ ಸುದ್ದಿಗೂ ಹೆಬ್ಬೆರಳು.

ನಾಳೆ ಆಫೀಸಿಗೆಲ್ಲ ಚಿಕ್ಕಬಳ್ಳಾಪುರದ ಹೋಟೆಲಿನಲ್ಲಿ ಟ್ರೈನಿಂಗ್. ಎಫೆಕ್ಟಿವ್ ಕಮ್ಯುನಿಕೇಶನ್!

ಮಾರ್ಚ್ 12, ಬುಧವಾರ

ಬೆಳಿಗ್ಗೆ ವ್ಯಾನಿನಲ್ಲಿ ಹೋಗುವಾಗ ರವಿಚಂದ್ರ ಗ್ರೂಪಿಗೆ ಹಾಕಿದರು. ಚಿಂತಾಮಣಿಯಲ್ಲಿ ಕೊಯ್ಲು ತಡ, ಗಾಡಿ ಮೊದಲು ಮೇಲೂರಿಗೆ ಹೋಗಲಿ. ಹೆಬ್ಬೆರಳುಗಳ ಸಾಲು. ಪಕ್ಕದಲ್ಲಿ ಸೂಪರ್‌ವೈಸರ್ ಮಧುಕುಮಾರ್ ಕೂತಿದ್ದ. ಹಿದಾಯತುಲ್ಲಾಗೆ ಹೇಳಿದಿರಾ ಎಂದೆ.

"ಗ್ರೂಪಿಗೆ ಹಾಕಿದಾರಲ್ಲ ಮೇಡಂ."

ಅವರು ಗ್ರೂಪಿನಲ್ಲಿಲ್ಲ ಎಂದೆ.

"ಹೌದಲ್ವಾ. ನಾನು ಮಾಡ್ತೀನಿ ಬಿಡಿ. ಊರೋರ ಕೆಲ್ಸ ಎಲ್ಲಾ ನೀವೇ ಮಾಡ್ತೀರಾ?"

ಕೈಯಲ್ಲಿ ಫೋನಿತ್ತು. ಕ್ರಿಕೆಟ್ ನೋಡುತ್ತಿದ್ದ.

ಹೋಟೆಲಿನ ಹಾಲ್‌ನೊಳಗೆ ಹೋದ ಕೂಡಲೇ ಟ್ರೈನರ್ ಎಲ್ಲರ ಫೋನ್ ಸೈಲೆಂಟ್ ಮಾಡಿಸಿ ಪ್ಲಾಸ್ಟಿಕ್ ಬುಟ್ಟಿಗೆ ಹಾಕಿಸಿಕೊಂಡರು. ಕೇಳಿಸಿಕೊಳ್ಳುವುದನ್ನು ಕಲಿಯಬೇಕಂತೆ. ಬೆನ್ನಿಗೆ ಬೆನ್ನು ಕೊಟ್ಟು ಕೂತು ಒಬ್ಬರು ಹೇಳಿದ ಚಿತ್ರವನ್ನು ಇನ್ನೊಬ್ಬರು ಬರೆಯುವ ಆಟ. ಮಧುಕುಮಾರ್‌ಗೆ ಬಹುಮಾನ. ಊಟಕ್ಕೆ ಎಣ್ಣೆ ತೇಲುವ ಗೋಬಿ. ರವಿಚಂದ್ರ ಬಾಯಿ ತುಂಬ ಅನ್ನ ಇಟ್ಟುಕೊಂಡೇ ಟೀಮ್ ಬಗ್ಗೆ ಮಾತಾಡಿದರು. ನೋಡಲಾಗದೆ ತಟ್ಟೆ ಇಟ್ಟು ಎದ್ದೆ.

ಸಂಜೆ ಬುಟ್ಟಿಯಿಂದ ಫೋನ್ ತೆಗೆದೆ. ಮಿಸ್ಡ್ ಕಾಲ್ — ಹಿದಾಯತುಲ್ಲಾ, ಹಿದಾಯತುಲ್ಲಾ, ಹಿದಾಯತುಲ್ಲಾ. ಎಲ್ಲರ ಫೋನಿನಲ್ಲೂ ಅದೇ. ಮಧುಕುಮಾರ್ ತನ್ನದನ್ನು ಬೋರಲು ಹಾಕಿದ.

ಮಾರ್ಚ್ 13, ಗುರುವಾರ

ಮಧುಕುಮಾರ್ ಫೋನ್ ಮಾಡಿರಲೇ ಇಲ್ಲ. ಗಾಡಿ ಚಿಂತಾಮಣಿಗೆ ಹೋಗಿದೆ. ಟೊಮೇಟೊ ಇನ್ನೂ ಗಿಡದಲ್ಲಿ. ಹಿದಾಯತುಲ್ಲಾ ರಂಜಾನಿನ ರೋಜಾ ಇದ್ದವರು, ಬಿಸಿಲಲ್ಲಿ ಖಾಲಿ ಗಾಡಿ ನಿಲ್ಲಿಸಿಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡಿದ್ದಾರೆ. ಇತ್ತ ಮೇಲೂರಿನಲ್ಲಿ ದ್ರಾಕ್ಷಿ ಕ್ರೇಟುಗಳು ರಸ್ತೆ ಪಕ್ಕ, ಟಾರ್ಪಾಲಿನ ಕೆಳಗೆ ಬೆಂದಿವೆ. ಗಾಡಿ ಮುಟ್ಟಿದ್ದು ಸಂಜೆ. ಬೆಂಗಳೂರಿನ ಅಂಗಡಿಯವರು ಇಳಿಸಿಕೊಳ್ಳಲಿಲ್ಲ.

ದ್ರಾಕ್ಷಿ ತೋಟದ ನಲ್ಲಪ್ಪ ಆಫೀಸಿಗೆ ಫೋನ್ ಮಾಡಿದರು. ಎತ್ತಿದ್ದು ನಾನು. ಗಾಡಿ ಬದಲಾವಣೆ ಗ್ರೂಪಿನಲ್ಲಿತ್ತು ಎಂದು ರವಿಚಂದ್ರ ಅವರಿಗೆ ಆಗಲೇ ಸಮಜಾಯಿಷಿ ಕೊಟ್ಟಿದ್ದರಂತೆ.

"ದ್ರಾಕ್ಷಿಗೆ ಗ್ರೂಪ್ ನೋಡಕ್ಕೆ ಬರಲ್ಲ ಕಣಮ್ಮ," ಎಂದು ಇಟ್ಟುಬಿಟ್ಟರು.

ಮಾರ್ಚ್ 15, ಶನಿವಾರ

ರವಿಚಂದ್ರ ಕ್ಯಾಬಿನ್ನಿಗೆ ಕರೆದರು. ಬಾಗಿಲು ಹಾಕಿಸಿದರು. ಹೆಡ್ ಆಫೀಸು ಕಾರಣ ಕೇಳಿದೆ.

"ನೀವು ನೀಟಾಗಿ ಬರೀತೀರಿ, ಲಾವಣ್ಯ. ಎರಡು ಲೈನಿನ ಮೇಲ್ ಸಾಕು. ಡ್ರೈವರ್ ಫೋನಿಗೆ ಸಿಗಲಿಲ್ಲ ಅಂತ."

ಅವರೇ ನಮಗೆ ಮಾಡಿದ್ದರು ಎಂದೆ.

"ಅವನು ಮಾಡಿದ್ದು ಬೇರೆ, ನಮಗೆ ಸಿಗದೆ ಇದ್ದಿದ್ದು ಬೇರೆ. ಸೋಮವಾರ ಕಳಿಸಿ. ನಿಮ್ಮ ಕಾಂಟ್ರಾಕ್ಟ್ ರಿನ್ಯೂವಲ್ ಕೂಡ ಈ ತಿಂಗಳೇ ಅಲ್ವಾ?" ನಕ್ಕರು. ಹಲ್ಲಿನ ಸಂದಿಯಲ್ಲಿ ಕೊತ್ತಂಬರಿ.

ಕೈ ತೊಳೆದುಕೊಂಡೆ. ಯಾಕೆಂದು ಗೊತ್ತಿಲ್ಲ.

ಮಾರ್ಚ್ 16, ಭಾನುವಾರ

ಓದಲು ಕೂತೆ. ಹಂಗೇರಿಯ ಕಾದಂಬರಿ, ಅನುವಾದ. ಒಂದೇ ಪುಟ ಮೂರು ಸಲ. ಮುಚ್ಚಿಟ್ಟೆ.

ಮಧ್ಯಾಹ್ನ ಹಿದಾಯತುಲ್ಲಾ ಫೋನ್. ಟ್ರಾನ್ಸ್‌ಪೋರ್ಟಿನವರು ಗಾಡಿಯ ಕೀ ಇಸಿದುಕೊಂಡಿದ್ದಾರೆ. ಮೇಲ್ ಬಂದ ಮೇಲೆ ತೀರ್ಮಾನವಂತೆ. ನನ್ನಿಂದಲೇ ಮೇಲ್ ಬರೆಸುತ್ತಿದ್ದಾರೆ ಎಂಬುದೂ ಅವರಿಗೆ ಗೊತ್ತು. ಬೇಡಿಕೊಳ್ಳಲಿಲ್ಲ.

"ಕೆಲ್ಸ ಹೋದ್ರೆ ಹೋಗ್ಲಿ ಅಮ್ಮ, ಬೇರೆ ಕಡೆ ಕೇಳ್ತೀನಿ. ಫೋನ್ ಎತ್ತಲಿಲ್ಲ ಅಂತ ಮಾತ್ರ ಬರೀಬೇಡಿ. ಆ ಹೆಸರು ಬಂದ್ರೆ ಗೌರಿಬಿದನೂರಿಂದ ಚಿಂತಾಮಣಿ ತನಕ ಯಾರೂ ನನಗೆ ಸ್ಟೇರಿಂಗ್ ಕೊಡಲ್ಲ."

ಆಗಲಿ ಎಂದೆ.

ಸಂಜೆ 6

ಗ್ರೂಪಿನಲ್ಲಿ ಟ್ರೈನಿಂಗಿನ ಫೋಟೋಗಳು. ಎಲ್ಲರೂ ಸರ್ಟಿಫಿಕೇಟ್ ಹಿಡಿದು ನಿಂತಿದ್ದೇವೆ. ನಾನೂ ಇದ್ದೇನೆ. ಅಸಹ್ಯ.

ಬರೆಯುವುದಿಲ್ಲ. ನಾಳೆ ಒಂಬತ್ತರ ಮೀಟಿಂಗಿನಲ್ಲಿ, ಎಲ್ಲರೂ ಕೂತ ಮೇಲೆ, ಎದ್ದು ನಿಂತು ಹೇಳುತ್ತೇನೆ. ಹಿದಾಯತುಲ್ಲಾ ಫೋನ್ ಮಾಡಿದ್ದರು, ನಾವು ಎತ್ತಲಿಲ್ಲ. ಮೊದಲ ವಾಕ್ಯ ಇದೇ. ಆಮೇಲೆ ಮಧುಕುಮಾರ್ ಕಡೆ ತಿರುಗಿ, ವ್ಯಾನಿನಲ್ಲಿ ನಾನು ಮಾಡ್ತೀನಿ ಬಿಡಿ ಅಂದಿರಲ್ಲ, ಮಾಡಿದಿರಾ ಎಂದು ಕೇಳುತ್ತೇನೆ.