ನಾಲ್ಕೂ ಓಡ್ತಾವೆ ನೋಡ್ರಿ

ನ್ಯಾಮತಿ
೮–೧೨–೨೦೨೪

ಮಗಳು ರೂಪಶ್ರೀಗೆ ನಿನ್ನ ಅಪ್ಪ ಮಹೇಶ್ವರಪ್ಪ ಮಾಡುವ ಆಶೀರ್ವಾದಗಳು.

ಫೋನಿರುವ ಕಾಲದಲ್ಲಿ ಅಪ್ಪನ ಕಾಗದ ಬಂತೆಂದು ನಗಬೇಡ. ನೀನು ಫೋನ್ ಎತ್ತುವುದಿಲ್ಲ, ನನಗೆ ಮೊಬೈಲಿನಲ್ಲಿ ಅಕ್ಷರ ಒತ್ತಲು ಬಾರದು. ದೀಪಾವಳಿ ಮುಗಿದಾಗಲೇ ಬರೆಯಬೇಕೆಂದಿದ್ದೆ, ಮೆಕ್ಕೆಜೋಳ ಸಾಗಿಸುವ ಬಾಡಿಗೆಯಲ್ಲಿ ಬಿಡುವಾಗಲಿಲ್ಲ. ಬೇಜಾರಾಗಬೇಡ. ಜಗಳೂರಿನಲ್ಲಿ ಚಳಿ ಹೇಗಿದೆ? ಈಗ ತಣ್ಣೀರು ಮುಟ್ಟಬೇಡ, ಮೈ ಬೆಚ್ಚಗಿಟ್ಟುಕೋ.

ಅಳಿಯಂದಿರು ಎಲ್ಲ ಹೇಳಿದರು. ಹೊಟ್ಟೆಯಲ್ಲಿದ್ದ ಕೂಸು ನಿಲ್ಲಲಿಲ್ಲವೆಂದು ಕೇಳಿ ಗಾಡಿ ಪಕ್ಕಕ್ಕೆ ಹಾಕಿ ಅತ್ತುಬಿಟ್ಟೆ. ಅದನ್ನೇ ನೀನು ಅವ್ವನಿಗೆ ಫೋನಿನಲ್ಲಿ ಹೇಳಿದರೆ ಅವಳು ‘ಹೂಂ, ಒಳ್ಳೇದಾತು ಬಿಡವ್ವ’ ಅಂದಳಂತೆ. ‘ಅವ್ವ ಹೆಸರಿಗೆ ತಕ್ಕಂಗೆ ಕಲ್ಲು’ ಅಂತ ನೀನು ಅಂದೆಯಂತೆ. ಕಲ್ಲಮ್ಮನ ಮಗಳಲ್ಲವೇ, ನೀನೂ ಕಲ್ಲಾಗಿಯೇ ಕೂತಿದ್ದೀಯ. ಹೆಂಗಸರ ದುಃಖದಲ್ಲಿ ಬಾಯಿ ಹಾಕಬಾರದೆಂದು ನಾನು ಅವಳನ್ನು ಏನೂ ಕೇಳಲಿಲ್ಲ.

ಇಲ್ಲಿಯ ಸುದ್ದಿ ಅಂದರೆ ಗಾಡಿಯದೇ. ನಮ್ಮ ಪೆಟ್ರೋಲ್ ಗೂಡ್ಸ್ ಗಾಡಿ ಹೊನ್ನಾಳಿಯಿಂದ ಬರುವಾಗ ಜಗ್ಗತೊಡಗಿತು. ನಾಲ್ಕು ಸಿಲಿಂಡರಿನಲ್ಲಿ ಮೂರೇ ಓಡುತ್ತಿದ್ದವು. ನಿನಗೆ ನೆನಪಿದೆಯಲ್ಲ, ಮೊದಲೆಲ್ಲ ಗಾಡಿ ಓಣಿಯ ತಿರುವಿಗೆ ಬರುತ್ತಲೇ ಅವ್ವ ಒಲೆಯ ಮುಂದೆ ಕೂತೇ ‘ಮೂರೇ ಓಡ್ತಾವಲ್ರೀ, ಪ್ಲಗ್ ನೋಡ್ರಿ’ ಅನ್ನುತ್ತಿದ್ದಳು. ಮೆಕ್ಯಾನಿಕ್ ಮುಬೀನ್ ಅವಳ ಕಿವಿಗೆ ಸಲಾಂ ಹೊಡೆಯುತ್ತಿದ್ದ. ಈ ಸಲ ಅವಳು ಏನೂ ಅನ್ನಲಿಲ್ಲ.

ಇವತ್ತು ಭಾನುವಾರ, ಅಂಗಳದಲ್ಲೇ ಸೀಟು ಎತ್ತಿ ಅದರಡಿಯ ಇಂಜಿನ್ ಬಿಚ್ಚಲು ಕೂತೆ. ಮೂರು ಪ್ಲಗ್ ಬಂದವು, ನಾಲ್ಕನೆಯದು ಜಪ್ಪಯ್ಯ ಅನ್ನಲಿಲ್ಲ. ಸಿಟ್ಟಿನಲ್ಲಿ ಪ್ಲಗ್ ತಿರುಗಿಸುವ ಪಾನ ಎಳೆದು ಬೆರಳ ಗಿಣ್ಣು ಸುಲಿದುಕೊಂಡೆ. ಮುಬೀನನಿಗೆ ಫೋನ್ ಮಾಡಿದರೆ, ‘ಜೋರು ಮಾಡಾಕೆ ಹೋಗಬ್ಯಾಡ್ರಿ ಅಣ್ಣಾರೆ, ಒಳಗೇ ಮುರಿದ್ರೆ ಇಂಜಿನ್ ಹೆಡ್ಡೇ ಇಳಿಸಬೇಕಾಗ್ತೈತೆ. ಬುಡಕ್ಕೆ ಡೀಸೆಲ್ ಬಿಟ್ಟು ಕಾಯ್ರಿ. ಆಮ್ಯಾಲೆ ಮೊದಲು ಒಂಚೂರು ಬಿಗಿ ಮಾಡ್ರಿ, ಆಗ ಸಡಿಲ ಆಗ್ತೈತೆ’ ಅಂದ. ಬಿಚ್ಚುವುದಕ್ಕೆ ಬಿಗಿ ಮಾಡುವುದೇ ಎಂದು ಬೈದುಕೊಂಡೆ. ಊಟ ಮಾಡಿ ಬಂದು ಅವನು ಹೇಳಿದ ಹಾಗೇ ಮಾಡಿದೆ. ಕಟ್ ಎಂದು ಸದ್ದಾಗಿ ಬಂತು.

ಹೊಸ ಪ್ಲಗ್ ಹಾಕಿ, ಬಾಗಿಲಲ್ಲಿ ನಿಂತಿದ್ದ ಅವ್ವನಿಗೆ ‘ಈಗ ಕೇಳು’ ಎಂದು ಕೈ ಮಾಡಿದೆ. ಅವಳು ಕತ್ತು ವಾರೆ ಮಾಡಿ ನಿಂತಳು. ‘ನಾಲ್ಕೂ ಓಡ್ತಾವೆ ನೋಡ್ರಿ’ ಎಂದು ನಕ್ಕು ಒಳಗೆ ಹೋದಳು.

ಹೊತ್ತಿಗೆ ಸರಿಯಾಗಿ ಉಣ್ಣು. ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಸಂಸಾರ ತಣ್ಣಗಿರಲಿ ಮಗಳೇ.

ಇಂತಿ ನಿನ್ನ ಅಪ್ಪ,
ಮಹೇಶ್ವರಪ್ಪ

ತಾ.ಕ.: ಮೇಲೆ ಒಂದು ಮಾತು ಬಿಟ್ಟಿದ್ದೇನೆ, ಬರೆಯಲು ಕೈ ಏಳಲಿಲ್ಲ. ‘ಈಗ ಕೇಳು’ ಎಂದಾಗ ನಾನಿನ್ನೂ ಗಾಡಿ ಚಾಲೂ ಮಾಡಿರಲಿಲ್ಲ. ಕೀಲಿ ನನ್ನ ಜೇಬಿನಲ್ಲೇ ಇತ್ತು. ಒಳಗೆ ಹೋಗಿ ಅವಳ ಬೆನ್ನ ಹಿಂದೆ ನಿಂತು ‘ಕಲ್ಲವ್ವಾ’ ಎಂದು ಕೂಗಿದೆ, ತಿರುಗಲಿಲ್ಲ. ಅವ್ವನಿಗೆ ಕಿವಿ ಕೇಳಿಸುತ್ತಿಲ್ಲ ರೂಪಾ. ಯಾರು ಏನಂದರೂ ‘ಹೂಂ, ಒಳ್ಳೇದಾತು’ ಅಂದು ದಿನ ದೂಡುತ್ತಿದ್ದಾಳೆ. ನಿನಗೂ ಹಾಗೇ ಅಂದಿದ್ದಾಳೆ. ಕೂಸು ಹೋದದ್ದು ಅವಳಿಗೆ ಇನ್ನೂ ಗೊತ್ತಿಲ್ಲ. ಹಳೇ ಸೀರೆ ಹರಿದು ಪುಟ್ಟ ಕೌದಿಯೊಂದನ್ನು ಹೊಲಿಯುತ್ತಿದ್ದಳು, ಪಕ್ಕದ ಮನೆಯವರಿಗೆ ಅಂದುಕೊಂಡಿದ್ದೆ. ಸಂಜೆ ಅದನ್ನು ನನ್ನ ಮುಂದೆ ಹರವಿ, ‘ರೂಪಾಗೆ ಈಗ ಐದೋ ಆರೋ?’ ಎಂದು ಬೆರಳು ಮಡಚಿದಳು. ಬರೆದು ತೋರಿಸೋಣವೆಂದರೆ ಅವಳಿಗೆ ಅಕ್ಷರ ಬಾರದು. ಓಣಿಗೆಲ್ಲ ಕೇಳುವ ಹಾಗೆ ಕೂಗಿ ಹೇಳುವ ಮಾತೂ ಅಲ್ಲ ಅದು. ನೀನೇ ಬಾ. ಬಂದವಳು ಬಾಗಿಲಲ್ಲಿ ನಿಂತು ‘ಅವ್ವಾ’ ಅನ್ನಬೇಡ. ಎದುರಿಗೆ ಹೋಗಿ ಕೈ ಹಿಡಿ.