ಚೋಕ್ ಇಲ್ಲದ ಬೆಳಗು

ನವೆಂಬರ್ 11, ಬೆಳಿಗ್ಗೆ

ಇವರ ತೂಕ ನೋಡಿದ್ದಾಯಿತು. ಕಾಲಿನ ಬಾವು ನಿನ್ನೆಗಿಂತ ಕಡಿಮೆ. ನೀರು ಅಳೆದು ಇಟ್ಟಿದ್ದಾಯಿತು — ಇಡೀ ದಿನಕ್ಕೆ ಅದೇ ಬಾಟಲಿ, ಅದೇ ಗೆರೆಯವರೆಗೆ. ಇವರು ಬಾಟಲಿ ಎತ್ತಿ ಬೆಳಕಿಗೆ ಹಿಡಿದು, "ಗಿಡಕ್ಕೆ ಇದಕ್ಕಿಂತ ಜಾಸ್ತಿ ಹಾಕ್ತೀಯ" ಅಂದರು. ನನಗೆ ನಗು ಬರಲಿಲ್ಲ. ಅವರಿಗೂ ಬಂದ ಹಾಗೆ ಕಾಣಲಿಲ್ಲ.

ಫೋನ್ ಚಾರ್ಜಿಗೆ. ಚೀಲ ಬಾಗಿಲ ಪಕ್ಕ. ಕಿಡ್ನಿ ಪಟ್ಟಿಯಲ್ಲಿ ಇವರ ಹೆಸರು ಸೇರಿದಾಗಿನಿಂದ ಹೀಗೇ. ಡಯಾಲಿಸಿಸ್ ಇಲ್ಲೇ ಊರಿನಲ್ಲಿ, ನಡೆದುಹೋಗುವಷ್ಟು ಹತ್ತಿರ. ಆಪರೇಷನ್ ಮಾಡುವ ದೊಡ್ಡಾಸ್ಪತ್ರೆ ಮಾತ್ರ ಬೆಟ್ಟದ ಕೆಳಗಿನ ಪಟ್ಟಣದಲ್ಲಿ. ಯಾರಾದರೂ ತೀರಿಕೊಂಡು, ಅವರ ಕಿಡ್ನಿ ಇವರಿಗೆ ಹೊಂದಿದರೆ ಫೋನ್ ಬರುತ್ತದೆ. ಬಂದ ಕೂಡಲೇ ಹೊರಡಬೇಕು. ತಡವಾದರೆ ಪಟ್ಟಿಯ ಮುಂದಿನವರಿಗೆ.

ಅಂದರೆ ಯಾರದೋ ಮನೆಯ ಸಾವಿಗೆ ಕಾದು ಕೂತಿದ್ದೇನೆ. ಹಾಗೆಲ್ಲ ಯೋಚಿಸಬಾರದು ಅಂತ ಆಸ್ಪತ್ರೆಯವರೇ ಹೇಳಿದ್ದಾರೆ. ಹೇಳುವುದು ಸುಲಭ.

ಅಂಗಡಿಗೆ ಹೊತ್ತಾಯಿತು. ಮೂರು ಜೊತೆ ಕನ್ನಡಕ ಸಂಜೆಯೊಳಗೆ ಆಗಬೇಕು. ಗಾಜು ಉಜ್ಜುವಾಗಲೂ ಕಿವಿ ಫೋನಿನ ಕಡೆಗೇ. ನಿನ್ನೆ ಒಂದು ಲೆನ್ಸ್ ಅಂಚು ಒಡೆಯಿತು. ಅಂಗಡಿ ಯಜಮಾನರು ನೋಡಿಯೂ ನೋಡದ ಹಾಗೆ ಇದ್ದರು. ಬೈದಿದ್ದರೆ ವಾಸಿ ಇತ್ತು.

ನವೆಂಬರ್ 14

ಹೋಯಿತು.

ಬರೆಯಲು ಕೈ ಬರುತ್ತಿಲ್ಲ. ಆದರೂ ಸುಮ್ಮನೆ ಕೂರಲಾಗುವುದಿಲ್ಲ...

ಬೆಳಗಿನ ಜಾವ ಫೋನ್ ಬಂತು. ದೊಡ್ಡಾಸ್ಪತ್ರೆಯ ಕೋಆರ್ಡಿನೇಟರ್. ಕಿಡ್ನಿ ಇದೆ, ಹೊಂದುತ್ತದೆ, ತಕ್ಷಣ ಹೊರಡಿ ಅಂದಳು. ಇವರನ್ನು ಎಬ್ಬಿಸಿ, ಸ್ವೆಟರ್ ಹಾಕಿಸಿ, ಕಾರಿನಲ್ಲಿ ಕೂರಿಸಿದೆ. ಗಾಜಿನ ಮೇಲೆ ಇಬ್ಬನಿ ಗಟ್ಟಿಕಟ್ಟಿತ್ತು. ಸೆಲ್ಫ್ ಹೊಡೆದೆ. ಕೊಯ್ ಕೊಯ್ ಅಂತು, ಹತ್ತಲಿಲ್ಲ. ಮತ್ತೆ ಹೊಡೆದೆ. ಚೋಕ್ ಎಳೆಯಬೇಕು ಅಂತ ಡ್ರೈವಿಂಗ್ ಶಾಲೆಯಲ್ಲಿ ಹೇಳಿಕೊಟ್ಟದ್ದು ನೆನಪಾಯಿತು. ನಾಬ್ ಎಳೆದೆ. ಎಳೆದಷ್ಟೂ ಬಂತು, ಪೂರ್ತಿ ಕೈಗೇ ಬಂತು. ಹಿಂದೆ ತಂತಿಯೇ ಇಲ್ಲ.

ಬೇಸಿಗೆಯಲ್ಲಿ ಓಡಿಸಲು ಕಲಿತವಳು ನಾನು. ಚಳಿಯಲ್ಲಿ ಈ ಕಾರು ಹೇಗಿರುತ್ತದೆ ಅಂತ ನನಗೇನು ಗೊತ್ತು. ಇವರು ಪಕ್ಕದಲ್ಲೇ ಕೂತಿದ್ದರು, ಮಡಿಲಲ್ಲಿ ಚೀಲ ಇಟ್ಟುಕೊಂಡು. ಹೊಡೆದೂ ಹೊಡೆದೂ ಬ್ಯಾಟರಿ ಮಲಗಿತು. "ಬಿಡು, ಆಗಲ್ಲ ಅದು" ಅಂದರು. ಅಷ್ಟೇ.

ಟ್ಯಾಕ್ಸಿಯವನು ಬಾಡಿಗೆಗೆ ಹೋಗಿದ್ದ. ಬೇಕರಿಯವರ ಮನೆಗೆ ಓಡಿದೆ. ಪುಣ್ಯಾತ್ಮರು, ತುಂಬಿದ್ದ ಬ್ರೆಡ್ಡಿನ ಟ್ರೇಗಳನ್ನೆಲ್ಲ ರಸ್ತೆಗೇ ಇಳಿಸಿ ವ್ಯಾನ್ ತಂದರು. ಇವರನ್ನು ಹತ್ತಿಸುತ್ತಿದ್ದಾಗ ಮತ್ತೆ ಫೋನ್. ಎಲ್ಲಿದ್ದೀರಿ ಅಂದಳು. ಊರು ಬಿಟ್ಟಿಲ್ಲ ಅಂದೆ. ಮುಂದಿನವರು ಆಗಲೇ ಬಂದು ಕೂತಿದ್ದಾರೆ, ಕ್ಷಮಿಸಿ ಅಂದಳು.

ಬೇಕರಿಯವರು ಟ್ರೇಗಳನ್ನು ಮತ್ತೆ ಏರಿಸಿಕೊಂಡು ಹೋದರು. ನಾನೂ ಎತ್ತಿಕೊಟ್ಟೆ. ಏನಾದರೂ ಮಾಡುತ್ತಿರಬೇಕಿತ್ತು.

ಇವರು ಒಳಗೆ ಹೋಗಿ ಮಲಗಿದರು. ನಿದ್ದೆಯೂ ಬಂತು, ಆಶ್ಚರ್ಯ.

ನವೆಂಬರ್ 15

ಗ್ಯಾರೇಜಿನವನನ್ನು ಮನೆಗೇ ಕರೆದುಕೊಂಡು ಬಂದೆ. ಊರೆಲ್ಲ ಅವನನ್ನು ಕರೆಯುವುದು ಸ್ಪ್ಯಾನರ್ ಅಂತ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ಕಾರ್ಬುರೇಟರಿನ ಬಾಯೊಳಗೆ ಟಾರ್ಚ್ ಬಿಟ್ಟ. "ಮೇಡಂ, ಇದಕ್ಕೆ ಬಾಯಿದೆ, ಮುಚ್ಚಳ ಇಲ್ಲ" ಅಂದ.

ಆ ಬಾಯಲ್ಲಿ ಒಂದು ಹಿತ್ತಾಳೆ ಬಿಲ್ಲೆ ಇರಬೇಕಂತೆ. ನಾಬ್ ಎಳೆದರೆ ತಂತಿ ಆ ಬಿಲ್ಲೆಯನ್ನು ತಿರುಗಿಸಿ ಬಾಯಿ ಮುಚ್ಚುತ್ತದೆ. ಗಾಳಿ ಕಡಿಮೆಯಾಗಿ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ತಣ್ಣಗಿನ ಇಂಜಿನ್ ಆಗ ಹತ್ತುತ್ತದೆ. ಬಿಲ್ಲೆ ಕೂರುವ ಕಡ್ಡಿ ಹಾಗೇ ಇದೆ. ಬಿಲ್ಲೆ ಇಲ್ಲ, ತಂತಿ ಇಲ್ಲ. ತಾನಾಗಿ ಬಿದ್ದದ್ದಲ್ಲ, ಸ್ಕ್ರೂ ಬಿಚ್ಚಿ ಯಾರೋ ತೆಗೆದದ್ದು ಅಂದ. ಇಷ್ಟು ಹಳೆಯ ಕಾರಿಗೆ ಈಗ ಸಾಮಾನು ಬರುವುದಿಲ್ಲವಂತೆ. ಬ್ಯಾಟರಿ ಚಾರ್ಜ್ ಮಾಡಿಕೊಟ್ಟು, ಬಿಲ್ಲೆ ಗುಜರಿಯಲ್ಲಿ ಹುಡುಕಿಸುತ್ತೇನೆ ಅಂದ. ಯಾವಾಗ ಸಿಗಬಹುದು ಅಂದರೆ ಆಕಾಶ ನೋಡಿದ.

ಯಾರು ತೆಗೆದರು ಅಂತ ಇವರನ್ನು ಕೇಳಿದೆ. ಗೊತ್ತಿಲ್ಲ ಅನ್ನಲಿಲ್ಲ. ಗೋಡೆ ಕಡೆ ತಿರುಗಿದರು. ನನಗೂ ಕೆದಕುವ ತಾಳ್ಮೆ ಇರಲಿಲ್ಲ.

ಬೆರಳಗಲದ ಒಂದು ಬಿಲ್ಲೆಗೆ... ಅಲ್ಲ, ಸ್ವಲ್ಪ ದೊಡ್ಡದೇ. ಓದುವ ಕನ್ನಡಕದ ಗಾಜಿನಷ್ಟು.

ಗಾಜಿನಷ್ಟು!

ನವೆಂಬರ್ 17

ಯಜಮಾನರು ಊಟಕ್ಕೆ ಹೋದಾಗ ಬಿಲ್ಲೆ ಮಾಡುವ ಕೆಲಸ ಶುರು. ರಟ್ಟಿನಲ್ಲಿ ಅಳತೆ ತೆಗೆದಿದ್ದೆ. ಅಂಗಡಿಯ ಹಳೆಯ ಬೋರ್ಡಿನ ಹಿತ್ತಾಳೆ ತಗಡು ಕತ್ತರಿಸಿ ಅರದಿಂದ ಉಜ್ಜಿದೆ. ಲೆನ್ಸ್ ಕಲ್ಲಿಗೆ ಹಿತ್ತಾಳೆ ಮುಟ್ಟಿಸಿದರೆ ಯಜಮಾನರು ನನ್ನನ್ನೇ ಉಜ್ಜಿಬಿಡುತ್ತಾರೆ, ಅದಕ್ಕೇ ಎಲ್ಲ ಕೈಯಲ್ಲೇ. ಮೂರು ದಿನದಲ್ಲಿ ಮೊದಲ ಸಲ ಕಿವಿ ಫೋನಿನ ಕಡೆ ಹೋಗಲಿಲ್ಲ.

ಮನೆಗೆ ಬಂದು ಇಟ್ಟು ನೋಡಿದೆ. ಗುಂಡಗಿದೆ, ನುಣ್ಣಗಿದೆ, ಅಂದವಾಗಿದೆ. ಕೂರುವುದಿಲ್ಲ! ಅರ್ಧ ತಿರುಗಿ ಸಿಕ್ಕಿಹಾಕಿಕೊಳ್ಳುತ್ತದೆ. ಉಜ್ಜಿದರೆ ಸಂದು ಬಿಡುತ್ತದೆ. ತಗಡು ಅಂಗಳದಾಚೆ ಎಸೆದೆ. ಮತ್ತೆ ಹೋಗಿ ಹುಡುಕಿ ತಂದೆ. ಇವರು ಕಿಟಕಿಯಿಂದ ನೋಡುತ್ತಿದ್ದರು.

ನವೆಂಬರ್ 19

ಸ್ಪ್ಯಾನರ್ ಹತ್ತಿರ ಸ್ಕ್ರೂ ಕೇಳಲು ಹೋಗಿದ್ದೆ. ಕೊಟ್ಟ. ಕೊಡುತ್ತಾ, ಬಿಲ್ಲೆ ಆಗುವವರೆಗೆ ಅರ್ಜೆಂಟ್ ಬಂದರೆ ಒಂದು ಉಪಾಯ ಇದೆ ಅಂದ. ಫಿಲ್ಟರ್ ಮುಚ್ಚಳ ತೆಗೆದು, ಕಾರ್ಬುರೇಟರಿನ ಬಾಯಿಗೆ ಒಂದು ಹಲಗೆ ತುಂಡು ಅಡ್ಡ ಇಟ್ಟು, ಇನ್ನೊಬ್ಬರು ಸೆಲ್ಫ್ ಹೊಡೆಯುವುದು. ಎರಡು ಸಲಕ್ಕೆ ಹತ್ತುತ್ತದೆ.

"ಹಳಬರೆಲ್ಲ ಅಂಗೈಯಲ್ಲೇ ಮುಚ್ತಾರೆ. ಬೆಂಕಿ ಉಗುಳಿದ್ರೆ ಕಷ್ಟ, ನೀವು ಹಲಗೆ ಇಡಿ. ನಿಮ್ಮ ಮನೆಯವ್ರಿಗೆ ಗೊತ್ತಿರುತ್ತಲ್ಲ, ಈ ಮಳೆಗಾಲದಲ್ಲಿ ನಮ್ಮ ಗ್ಯಾರೇಜಿನ ಮುಂದೆ ಹಾಗೇ ಸ್ಟಾರ್ಟ್ ಮಾಡಿದ್ರು."

ಸ್ಕ್ರೂ ಜೇಬಿಗೆ ಹಾಕಿಕೊಂಡು ಬಂದೆ. ದಾರಿ ಹೇಗೆ ಸವೆಯಿತೋ ಗೊತ್ತಿಲ್ಲ.

ಗೊತ್ತಿತ್ತು. ಪಕ್ಕದಲ್ಲೇ ಕೂತಿದ್ದರು. ಗೊತ್ತಿತ್ತು.

ನವೆಂಬರ್ 24

ಇಷ್ಟು ದಿನ ಬರೆಯಲಿಲ್ಲ. ಮಾತೂ ಇಲ್ಲ. ಅಳೆದ ನೀರು, ಉಪ್ಪಿಲ್ಲದ ಊಟ, ಮಾತ್ರೆ — ಎಲ್ಲ ಮುಂದಿಟ್ಟು ಬರುತ್ತಿದ್ದೆ. ಪಾತ್ರೆಗಳೇ ನಮ್ಮಿಬ್ಬರ ಪರವಾಗಿ ಸದ್ದು ಮಾಡುತ್ತಿದ್ದವು.

ಇವತ್ತು ಡಯಾಲಿಸಿಸ್ ಮುಗಿಸಿ ಬಂದು ಕೂತಾಗ ಕೇಳಿಯೇಬಿಟ್ಟೆ. ಅಂಗೈ ಮುಚ್ಚಿದ್ದರೆ ಹತ್ತುತ್ತಿತ್ತು, ಅಲ್ಲವೇ ಅಂತ.

ಕೈಯ ಪಟ್ಟಿ ಸರಿಮಾಡಿಕೊಂಡರು. ಆಮೇಲೆ, ಬಿಲ್ಲೆ ತೆಗೆದದ್ದೂ ತಾನೇ ಅಂದರು. ಬೇಸಿಗೆಯಲ್ಲಿ ಅಂಟಿಕೊಂಡು ಹೊಗೆ ಬರುತ್ತಿತ್ತಂತೆ. ಕಿತ್ತು ಎಲ್ಲೋ ಹಾಕಿದರಂತೆ. ಅದರಲ್ಲಿ ಯಾವ ಗುಟ್ಟೂ ಇರಲಿಲ್ಲ. ಚಳಿ ಶುರುವಾಗುವ ಮೊದಲು ಇನ್ನೊಂದು ಹುಡುಕಿ ಹಾಕಬೇಕು ಅಂತಲೇ ಇದ್ದರಂತೆ. ಅಷ್ಟರಲ್ಲಿ ಡಯಾಲಿಸಿಸ್‌ನಲ್ಲಿ ಪಕ್ಕದ ಹಾಸಿಗೆಯ ಪೋಸ್ಟ್‌ಮ್ಯಾನ್‌ಗೆ ಕಿಡ್ನಿ ಸಿಕ್ಕಿತು. ನಗುತ್ತಾ ಹೋದವನು, ಆಪರೇಷನ್ ಆದ ವಾರದಲ್ಲೇ ಹೋಗಿಬಿಟ್ಟ. ಆಮೇಲೆ ಇವರು ಬಿಲ್ಲೆ ಹುಡುಕಲು ಹೋಗಲಿಲ್ಲವಂತೆ.

"ಅವತ್ತು ನೀನು ಸೆಲ್ಫ್ ಹೊಡೀತಾ ಇದ್ದೆ. ಇಳಿದು ಕೈ ಮುಚ್ಚಿದ್ರೆ ಸಾಕಿತ್ತು. ಗೊತ್ತಿತ್ತು. ಬಾಯಿ ಬರ್ಲಿಲ್ಲ. ಹೆದರಿಕೆ ಕಣೆ. ಹತ್ತದೇ ಇದ್ದಾಗ... ಹಾಯ್ ಅನ್ನಿಸ್ತು."

ಹಾಯ್ ಅನ್ನಿಸಿತಂತೆ. ನಾನು ಚಪ್ಪಲಿಯೂ ಇಲ್ಲದೆ ಬೇಕರಿಯವರ ಮನೆಗೆ ಓಡುತ್ತಿದ್ದಾಗ, ಇವರಿಗೆ ಹಾಯ್ ಅನ್ನಿಸಿತಂತೆ.

ಮೈಯೆಲ್ಲ ಉರಿಯಿತು. ಏನೇನೋ ಅಂದೆ, ಬರೆಯುವಂಥದ್ದಲ್ಲ. ಕೊನೆಗೆ ಅಂದದ್ದು ಮಾತ್ರ ನೆನಪಿಟ್ಟುಕೊಳ್ಳಬೇಕು.

"ಬೇಡ ಅಂದ್ರೆ ಬೇಡ ಅನ್ನಿ. ಪಟ್ಟಿಯಿಂದ ಹೆಸರು ತೆಗೆಸ್ತೀನಿ, ಹೀಗೇ ಡಯಾಲಿಸಿಸ್‌ನಲ್ಲಿ ಎಷ್ಟು ದಿನವೋ ಅಷ್ಟು ದಿನ ನೋಡ್ಕೋತೀನಿ. ಮೈ ನಿಮ್ಮದು. ಆದ್ರೆ ಕಾರಿನ ಹಿಂದೆ ಅಡಗ್ಕೋಬೇಡಿ."

ಇವರು ಎದ್ದು ಒಳಗೆ ಹೋದರು.

ನಿಜ ಹೇಳಬೇಕೆಂದರೆ ಇವರಿಗೆ ಹೆದರಿಕೆಯಾಗುತ್ತದೆಯೇ ಅಂತ ನಾನು ಕೇಳಿಯೇ ಇರಲಿಲ್ಲ. ಪಟ್ಟಿಗೆ ಅರ್ಜಿ ತಂದವಳು ನಾನು, ತುಂಬಿದವಳು ನಾನು. ಇವರು ತೋರಿಸಿದಲ್ಲಿ ಸಹಿ ಹಾಕಿದ್ದರು.

ನವೆಂಬರ್ 27, ಮಧ್ಯಾಹ್ನ

ರಜೆ ಹಾಕಿದೆ. ಬಿಲ್ಲೆ ಮಾಡಿ ಮುಗಿಸಲೇಬೇಕು. ಇವರು ಹೋಗಲಿ ಬಿಡಲಿ, ಕಾರು ಹತ್ತಬೇಕು. ಹತ್ತದ ಕಾರು ಅಂಗಳದಲ್ಲಿ ನಿಂತಿದ್ದರೆ ನನಗೆ ತಲೆ ಕೆಡುತ್ತದೆ.

ಉಜ್ಜುತ್ತಾ ಕೂತಿದ್ದೆ. ಹಿಂದೆ ಸ್ಟೂಲ್ ಎಳೆದ ಸದ್ದು. ಇವರು, ಶಾಲು ಹೊದ್ದು. ಒಂದಷ್ಟು ಹೊತ್ತು ನೋಡಿ, "ಗುಂಡಗೆ ಮಾಡಬೇಡ. ಓರೆಯಾಗಿ ಮುಚ್ಚುತ್ತೆ ಅದು. ಸ್ವಲ್ಪ ಮೊಟ್ಟೆ ಹಾಗೆ ಮಾಡು" ಅಂದರು. ಹಾಗೇ ಮಾಡಿದೆ. ಅಂಚನ್ನೂ ಓರೆಯಾಗಿ ತೀಡಿದೆ, ಲೆನ್ಸಿಗೆ ಮಾಡುವ ಹಾಗೆ.

ಕೂತಿತು. ಟಕ್ ಅಂತ ಸಣ್ಣ ಸದ್ದು.

ಸ್ಕ್ರೂ ಹಾಕುವಾಗ ಇವರೇ ಟಾರ್ಚ್ ಹಿಡಿದರು. ಬೆಳಕು ಎಲ್ಲೆಲ್ಲೋ ಓಡುತ್ತಿತ್ತು. ಸ್ಕ್ರೂ ಸಡಿಲವಾಗಿ ಇಂಜಿನ್ ಒಳಗೆ ಬಿದ್ದರೆ ಕಾರಿನ ಕಥೆ ಅಲ್ಲಿಗೆ ಮುಗಿಯಿತು ಅಂತ ಸ್ಪ್ಯಾನರ್ ಎಚ್ಚರಿಸಿದ್ದ. ಅದಕ್ಕೇ ತುದಿ ಬಡಿದು ಅಗಲ ಮಾಡಿದೆ. ತಂತಿಗೆ ಸೈಕಲ್ಲಿನ ಬ್ರೇಕ್ ಕೇಬಲ್. ನಾಬಿಗೆ ಸಿಕ್ಕಿಸಿ ಎಳೆದೆ, ಬಿಲ್ಲೆ ಮುಚ್ಚಿತು. ಒತ್ತಿದೆ; ತೆರೆಯಿತು. ಇವರು ಬಗ್ಗಿ ನೋಡುತ್ತಲೇ ಇದ್ದರು. ಇನ್ನೊಂದು ಸಲ ಎಳಿ ಅಂದರು. ಎಳೆದೆ. ಇನ್ನೊಂದು ಸಲ.

ಹೋಗುವ ಬಗ್ಗೆ ಮಾತಾಡಲಿಲ್ಲ. ನಾನೂ ಕೇಳಲಿಲ್ಲ.

ನವೆಂಬರ್ 28, ಬೆಳಿಗ್ಗೆ

ಕಾರು ಒಂದೇ ಏಟಿಗೆ ಹತ್ತಿತು! ಕೆಮ್ಮುತ್ತಾ, ಬಿಳಿ ಹೊಗೆ ಬಿಡುತ್ತಾ. ಬಿಸಿಯಾಗುತ್ತಿದ್ದ ಹಾಗೆ ನಾಬ್ ಒಳಗೆ ಒತ್ತಬೇಕು, ಇಲ್ಲದಿದ್ದರೆ ಉಸಿರು ಕಟ್ಟಿ ನಿಂತುಬಿಡುತ್ತದೆ. ಎರಡು ಸಲ ನಿಲ್ಲಿಸಿಕೊಂಡೆ. ಸುಮ್ಮನೆ ಬೀದಿಯ ಕೊನೆವರೆಗೂ ಹೋಗಿ ಬಂದೆ. ಬೇಕರಿಯವರು ಕೈ ಬೀಸಿದರು.

ಇವರು ಎದ್ದಿರಲಿಲ್ಲ. ಅಥವಾ ಎದ್ದೂ ಏಳಲಿಲ್ಲ.

ಡಿಸೆಂಬರ್ 5

ಕೋಆರ್ಡಿನೇಟರಿಗೆ ಫೋನ್ ಮಾಡಬೇಕು. ಪಟ್ಟಿಯಲ್ಲಿ ಇರಿಸಿ ಅನ್ನಲೋ, ತೆಗೆಯಿರಿ ಅನ್ನಲೋ. ಕೇಳಿದರೆ ನಾನು ತಳ್ಳಿದ ಹಾಗೆ. ಕೇಳದಿದ್ದರೆ ಕೈಬಿಟ್ಟ ಹಾಗೆ. ದಿನಾ ಫೋನ್ ಕೈಗೆತ್ತಿಕೊಂಡು ಕೆಳಗಿಡುತ್ತೇನೆ. ಕಾರು ತೊಳೆದೆ. ಮತ್ತೆ ತೊಳೆದೆ. ಬಾಗಿಲ ಪಕ್ಕದ ಚೀಲ ಒಳಗಿಡಲೇ ಅಂತ ಇವರನ್ನೇ ಕೇಳಿದೆ, ಧೂಳು ಕೂರುತ್ತಿದೆ ಅಂತ ನೆಪ ಹೇಳಿ.

"ಇರ್ಲಿ" ಅಂದರು.

ಇರಲಿ ಅಂದರೆ? ಆ ಮೂರಕ್ಷರವನ್ನೇ ದಿನವಿಡೀ ತಿರುವಿ ಹಾಕಿದ್ದೇನೆ.

ಡಿಸೆಂಬರ್ 9, ಬೆಳಿಗ್ಗೆ

ಹೊರಗೆ ಇನ್ನೂ ಮಂಜು. ನೀರು ಅಳೆದಿಟ್ಟು ಇದನ್ನು ಬರೆಯಲು ಕೂತೆ. ಇವರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದಾರೆ.

ಫೋನ್. ನನ್ನದಲ್ಲ, ಅವರದ್ದು...

ಎತ್ತಿದರು. ಎದ್ದು ಹೋಗಲೇ? ಬೇಡ. ಇಲ್ಲೇ ಕೂತಿರುತ್ತೇನೆ. ಪೆನ್ನು ಹಿಡಿದಿದ್ದರೆ ಕಾಲು ಓಡುವುದಿಲ್ಲ.

"ಹೂಂ... ನಾನೇ ಮಾತಾಡೋದು." ಆ ಕಡೆಯವರು ಏನೋ ಹೇಳುತ್ತಿದ್ದಾರೆ. ಬಹಳ ಹೊತ್ತಾಯಿತು. ಇವರಿಂದ ಸದ್ದೇ ಇಲ್ಲ. ಹೇಳಿ, ಏನಾದರೂ ಒಂದು ಹೇಳಿ...

"ಹೊರಡ್ತೀವಿ" ಅಂದರು. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, "ಈಗಲೇ ಹೊರಡ್ತೀವಿ." ದೊಡ್ಡಾಸ್ಪತ್ರೆಯವರಿಗೆ ತಮ್ಮ ನಂಬರ್ ಯಾವಾಗ ಕೊಟ್ಟರೋ!

ಹೊರಬಾಗಿಲು ತೆರೆದ ಸದ್ದು. ಶಾಲು ಹೊದೆಯದೇ ಹೋದರೇನೋ. ಕಾರಿನ ಬಾಗಿಲು. ಸೆಲ್ಫ್. ಒಂದು ಸಲ... ಹತ್ತಿತು! ಇವರೇ ನಾಬ್ ಎಳೆದು ಹತ್ತಿಸಿದ್ದಾರೆ. ಹೆದರಿದವರ ಕೈ ಹಾಗೆ, ಹಾರ್ನ್ ಬಿಡುತ್ತಲೇ ಇಲ್ಲ, ಇಡೀ ಬೀದಿ ಏಳಬೇಕು. ಬಂದೆ ಮಾರಾಯ್ರೇ, ಬಂದೆ, ಪಕ್ಕದ ಸೀಟಿಗೆ ಸರೀರಿ, ಓಡಿಸೋದು ನಾನು.