ಎರಡು ಸಹಿಯ ಕಂಪನಿ

ಸೋಮವಾರ, ಬೆಳಿಗ್ಗೆ

ನನ್ನ ಅರ್ಧ ಪಾಲುದಾರರಿಗೆ, ಅಂದರೆ ಯಜಮಾನರಿಗೆ,

ನಿಮ್ಮ ಮೊಣಕಾಲು ನೋವು ಕಡಿಮೆಯಾಗಿದೆಯೆಂದು ಮಗಳು ಹೇಳಿದಳು. ಸಮಾಧಾನವಾಯಿತು. ಅವಳು ಬರೆಸುತ್ತಿರುವ ನಮ್ಮ ಪಾತ್ರೆ ವಿನ್ಯಾಸ ಸಲಹಾ ಕಂಪನಿಯ ಚರಿತ್ರೆಯ ಕರಡು ನಿಮಗೂ ತಲುಪಿರಬೇಕು. ನಾನಂತೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ‘ದೂರದೃಷ್ಟಿಯ ದಂಪತಿ ಕಟ್ಟಿದ ಸಂಸ್ಥೆ’ಯಂತೆ. ನಮ್ಮ ದೃಷ್ಟಿ ಊಟದ ಮೇಜು ದಾಟಿರಲಿಲ್ಲ. ಅರ್ಧ ಮೇಜಿನ ಮೇಲೆ ತಟ್ಟೆ, ಇನ್ನರ್ಧದ ಮೇಲೆ ನಕ್ಷೆ. ಮೊದಲ ಕೆಟಲ್‌ಗೆ ನೀವು ಬಿಡಿಸಿದ ಹಿಡಿ ನೋಡಲು ಚಂದ, ಮುಟ್ಟಿದರೆ ಕೈ ಸುಡುತ್ತಿತ್ತು. ಅದಕ್ಕೆ ಜಗಳವಾಡಿ ಮಾತು ಬಿಟ್ಟೆವು. ಇಬ್ಬರ ಸಹಿಯಿಲ್ಲದೆ ಯಾವ ನಕ್ಷೆಯೂ ಹೊರಗೆ ಹೋಗಕೂಡದು ಎಂಬ ನಿಯಮ ಹುಟ್ಟಿದ್ದು ಆಮೇಲೆ ತಾನೇ?

ಎರಡನೇ ಅಧ್ಯಾಯ ಇನ್ನೂ ಸೊಗಸು. ‘ಮಾರುಕಟ್ಟೆ ವಿಸ್ತರಣೆಗಾಗಿ ಸಮುದ್ರದಾಚೆ ಶಾಖೆ ತೆರೆಯಲಾಯಿತು.’ ನೀವು ಮುನಿಸಿಕೊಂಡು ಡ್ರಾಯಿಂಗ್ ಬೋರ್ಡ್ ಹೊತ್ತುಕೊಂಡು ಹೋದದ್ದಕ್ಕೆ ಇಷ್ಟು ಮರ್ಯಾದೆಯ ಹೆಸರಿದೆಯೆಂದು ನನಗೆ ಗೊತ್ತಿರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮದು ಒಂದು ಕಚೇರಿಯನ್ನೇ ತೆರೆಯಿತು. ಈಗ ಇಲ್ಲಿಯದೂ ನಿಮ್ಮದೂ ಸೇರಿ ಆರು ದೇಶಗಳಲ್ಲಿ ಕಚೇರಿಗಳಿವೆ. ಉಳಿದ ನಾಲ್ಕಕ್ಕೆ ನಾವು ಜಗಳವಾಡಿಲ್ಲ, ಅದು ಮಗಳ ಸಾಮರ್ಥ್ಯ.

ಇನ್ನು ವಿಷಯಕ್ಕೆ ಬರುತ್ತೇನೆ. ಎರಡು ಸಹಿಯ ನಿಯಮ ರದ್ದಾಗಬೇಕೆಂದು ಮಗಳ ಹಟ. ನಿಮ್ಮ ನಕ್ಷೆ ಟಪಾಲಿನಲ್ಲಿ ಇಲ್ಲಿಗೆ ಬಂದು, ನನ್ನ ಕೆಂಪು ಪೆನ್ಸಿಲಿನ ಗೀಟು ಹೊತ್ತು ಹಿಂದಿರುಗುವಷ್ಟರಲ್ಲಿ ಗಿರಾಕಿಗಳು ಬೇರೆ ಕಡೆ ಹೋಗುತ್ತಿದ್ದಾರಂತೆ. ‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಆ ಕೂಸು ನಾನಲ್ಲ ಕಣಮ್ಮ, ಕಂಪನಿ’ ಅಂದಳು.

ನಿಯಮ ತೆಗೆಯುವುದಕ್ಕೂ ಇಬ್ಬರ ಸಹಿ ಬೇಕು. ಕಾಗದ ಮುಂದಿಟ್ಟುಕೊಂಡು ಕೂತು ಪೆನ್ನಿನ ಮುಚ್ಚಳವನ್ನು ಎರಡು ಸಲ ತೆಗೆದು ಹಾಕಿದೆ. ಇಷ್ಟು ವರ್ಷ ನಿಮ್ಮಿಂದ ನನಗೆ ಬಂದದ್ದು ಆ ನಕ್ಷೆಗಳು ಮಾತ್ರ. ಅವೂ ನಿಂತರೆ ನಮ್ಮ ನಡುವೆ ಉಳಿಯುವುದೇನು ಎಂದು ಹೆದರಿಕೆಯಾಯಿತು. ಆದರೂ ಸಹಿ ಹಾಕಿದ್ದೇನೆ. ಮಗಳು ಹೇಳಿದ್ದು ಸರಿ. ಕಾಗದ ಇದರ ಜೊತೆಗಿದೆ, ನೀವೂ ಹಾಕಿ.

ಇಂತಿ,
ಉಳಿದರ್ಧ

ಮರೆತಿದ್ದೆ: ಕಳೆದ ವಾರ ನೀವು ಕಳಿಸಿದ ಹೊಸ ಜಗ್ಗಿನ ನಕ್ಷೆಯಲ್ಲಿ ಹಿಡಿಯೂ ನೀರು ಸುರಿಯುವ ಮೂತಿಯೂ ಒಂದೇ ಕಡೆ ಇವೆ. ಆರು ದೇಶಗಳಿಗೆ ಪಾಠ ಹೇಳುವವರು ಇಂಥ ತಪ್ಪು ಮಾಡುತ್ತೀರಾ? ನನ್ನ ಪೆನ್ಸಿಲಿಗೆಂದೇ ಪ್ರತಿ ನಕ್ಷೆಯಲ್ಲೂ ಒಂದು ತಪ್ಪು ಬಿಟ್ಟು ಕಳಿಸುತ್ತೀರೆಂದು ಮೊದಲ ವರ್ಷವೇ ನನಗೆ ತಿಳಿದಿತ್ತು. ಈ ಸಲ ತಿದ್ದಿಲ್ಲ. ಊಟದ ಮೇಜಿನ ಅರ್ಧ ಖಾಲಿ ಮಾಡಿಟ್ಟಿದ್ದೇನೆ. ಇನ್ನು ಮುಂದೆ ಇಲ್ಲಿಗೇ ಬಂದು ತಪ್ಪು ಮಾಡಿ.